ಮೊದಲು ನೆಗೆಟಿವ್ ನೋಡಿ, ಶೈಲಿಯ ಮಾತು ಆಮೇಲೆ

ಧಾರವಾಡದ ಪದವಿ ವಿದ್ಯಾರ್ಥಿನಿಯೊಬ್ಬರ ಪತ್ರದ ಸಾರಾಂಶ: ‘ನಮ್ಮ ಕಾಕಾ ಬಳಸುತ್ತಿದ್ದ ಪೆಂಟಾಕ್ಸ್ ಕೆ-1000 ಕ್ಯಾಮೆರಾ ಈಗ ನನ್ನ ಬಳಿ ಇದೆ. ಕಪ್ಪು-ಬಿಳುಪಿನ ಎರಡು ರೋಲು ತೆಗೆದು, ಲ್ಯಾಬಿನಲ್ಲಿ ತೊಳೆಸಿ, ಸ್ಕ್ಯಾನ್ ಮಾಡಿಸಿದೆ. ಆಕಾಶದ ಹಿನ್ನೆಲೆಯಲ್ಲಿ ನಿಂತವರ ಮುಖವೆಲ್ಲ ಕಪ್ಪಾಗಿದೆ; ಉಳಿದ ಚಿತ್ರಗಳು ಮಾಸಲಾಗಿವೆ. ಭಾವಚಿತ್ರ, ಬೀದಿಯ ಚಿತ್ರ, ಸಾಕ್ಷ್ಯಚಿತ್ರದ ಶೈಲಿ, ಇವುಗಳಲ್ಲಿ ಯಾವುದರಿಂದ ಆರಂಭಿಸಲಿ? ರೋಲಿನ ಖರ್ಚಿನದೂ ಚಿಂತೆ. ತರಗತಿಗೆ ಸೇರಬೇಕೇ?’

ಸಂಪಾದಕರ ಉತ್ತರ:

ನೀವು ಮುಖ್ಯವಾಗಿ ಕೇಳಿರುವುದು ಶೈಲಿಯ ಬಗ್ಗೆ. ಆದರೆ ಮುಖ ಕಪ್ಪಾದ ಸಂಗತಿಯನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿಯದೆ ಶೈಲಿಯ ಚರ್ಚೆಗೆ ಅರ್ಥವಿಲ್ಲ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಎದುರಿಗಿರುವುದು ಮುಖವೋ ಆಕಾಶವೋ ತಿಳಿಯುವುದಿಲ್ಲ. ಅದು ಚೌಕಟ್ಟಿನೊಳಗಿನ ಬೆಳಕನ್ನೆಲ್ಲ ಒಟ್ಟುಗೂಡಿಸಿ, ಅದರ ಸರಾಸರಿ ನಡುಬೂದು ಬಣ್ಣಕ್ಕೆ ಬರುವ ಹಾಗೆ ಮುಳ್ಳನ್ನು ತೋರಿಸುತ್ತದೆ. ಸುಣ್ಣ ಬಳಿದ ಗೋಡೆಯೂ ಅದಕ್ಕೆ ಬೂದು, ಎಮ್ಮೆಯ ಮೈಯೂ ಬೂದು. ಹಿಂದೆ ಬೆಳ್ಳಗಿನ ಆಕಾಶವಿದ್ದಾಗ ಮೀಟರ್ ಬೆಳಕನ್ನು ಕಡಿಮೆ ಮಾಡಲು ಹೇಳುತ್ತದೆ, ಪಾಪ, ಮುಖ ಅದಕ್ಕೆ ಬಲಿಯಾಗುತ್ತದೆ. ಆದ್ದರಿಂದ ಚೌಕಟ್ಟಿನ ತುಂಬ ಮುಖವೇ ಕಾಣುವಷ್ಟು ಹತ್ತಿರ ಹೋಗಿ ಮುಳ್ಳನ್ನು ನಡುವಿಗೆ ತನ್ನಿ, ಆಮೇಲೆ ಅಪರ್ಚರನ್ನೂ (ಲೆನ್ಸಿನ ಕಿಂಡಿಯ ಅಳತೆ) ಶಟರನ್ನೂ (ಬೆಳಕು ಬೀಳುವ ಹೊತ್ತು) ಮುಟ್ಟದೆ ಹಿಂದೆ ಸರಿದು ಚಿತ್ರ ತೆಗೆಯಿರಿ. ಆಕಾಶ ಬಿಳಚಿಕೊಂಡರೆ ಬಿಳಚಿಕೊಳ್ಳಲಿ.

ಚಿತ್ರಗಳು ಮಾಸಲಾಗಿರುವುದಕ್ಕೆ ಕಾರಣವನ್ನು ಸ್ಕ್ಯಾನ್ ನೋಡಿ ಹೇಳಲು ಬರುವುದಿಲ್ಲ. ಲ್ಯಾಬಿನ ಸ್ಕ್ಯಾನರ್ ಸಾಮಾನ್ಯವಾಗಿ ಪ್ರತಿ ಚಿತ್ರದ ಬೆಳಕನ್ನೂ ತಾನೇ ಏರಿಸಿ ಇಳಿಸಿ ಕೊಡುತ್ತದೆ. ಹೀಗಾಗಿ ನೀವು ಮಾಡಿದ ತಪ್ಪೂ ಮರೆಯಾಗುತ್ತದೆ, ಸರಿಯಾಗಿ ಮಾಡಿದ್ದೂ ಗೊತ್ತಾಗುವುದಿಲ್ಲ. ಕಲಿಯುವವರಿಗೆ ಇದರಿಂದಾಗುವ ನಷ್ಟ ಸಣ್ಣದಲ್ಲ. ತೊಳೆಸಿದ ನೆಗೆಟಿವ್‌ಗಳನ್ನು (ಬೆಳಕು ಕಪ್ಪಾಗಿ, ನೆರಳು ತಿಳಿಯಾಗಿ ಮೂಡಿರುವ ಫಿಲ್ಮ್ ಪಟ್ಟಿಗಳನ್ನು) ಲ್ಯಾಬಿನಿಂದ ತಪ್ಪದೆ ವಾಪಸು ಪಡೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನೆರಳಿದ್ದ ಜಾಗ ಬರಿಯ ಗಾಜಿನಂತೆ ಪಾರದರ್ಶಕವಾಗಿದ್ದರೆ ಅಲ್ಲಿಗೆ ಸಾಕಷ್ಟು ಬೆಳಕು ತಲುಪಿಲ್ಲ, ಯಾವ ಸ್ಕ್ಯಾನರೂ ಅದರಲ್ಲಿ ಇಲ್ಲದ್ದನ್ನು ಹುಟ್ಟಿಸಲಾರದು. ಅದೇ ಪಟ್ಟಿಯ ಅಂಚಿನಲ್ಲಿರುವ ಫಿಲ್ಮಿನ ಹೆಸರು ಮತ್ತು ಚಿತ್ರಸಂಖ್ಯೆಗಳನ್ನೂ ಗಮನಿಸಿ. ಅವು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚಾದವು. ನಿಮ್ಮ ಕ್ಯಾಮೆರಾಕ್ಕೂ ಅವಕ್ಕೂ ಸಂಬಂಧವಿಲ್ಲ. ಅಂಕಿಗಳು ದಟ್ಟ ಕಪ್ಪಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ತಪ್ಪು ಫಿಲ್ಮಿಗೆ ನೀವು ಕೊಟ್ಟ ಬೆಳಕಿನದು, ಎಂದರೆ ನಿಮ್ಮ ಎಕ್ಸ್‌ಪೋಷರಿನದು. ಅಂಕಿಗಳೂ ಮಂಕಾಗಿದ್ದರೆ ಡೆವಲಪ್ ಮಾಡಿದ್ದರಲ್ಲಿ (ರಾಸಾಯನಿಕದಲ್ಲಿ ತೊಳೆದದ್ದರಲ್ಲಿ) ಕೊರತೆಯಾಗಿದೆ.

ಈ ಎರಡನ್ನೂ ಬೇರ್ಪಡಿಸಿ ನೋಡುವ ಅಭ್ಯಾಸ ಬೇಗ ಕೈಗೂಡಬೇಕಾದರೆ ರೋಲನ್ನು ನೀವೇ ಡೆವಲಪ್ ಮಾಡುವುದು ಒಳ್ಳೆಯದು. ಕಪ್ಪು-ಬಿಳುಪಿನಲ್ಲಿ ಇದು ಮನೆಯಲ್ಲೇ ಸಾಧ್ಯ. ಬಣ್ಣದ ಫಿಲ್ಮಿನ ರಾಸಾಯನಿಕವನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕದಲದಂತೆ ಕಾಯ್ದುಕೊಳ್ಳಬೇಕಾದ್ದರಿಂದ ಅದು ಸದ್ಯಕ್ಕೆ ಬೇಡ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು 400ರ ವೇಗದಲ್ಲೇ (ವೇಗವೆಂದರೆ ಫಿಲ್ಮ್ ಬೆಳಕಿಗೆ ಸ್ಪಂದಿಸುವ ಅಳತೆ) ತೆಗೆದಿದ್ದರೆ, ಡಿ-76 ಡೆವಲಪರಿಗೆ ಅಷ್ಟೇ ನೀರು ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ ಇಡಬೇಕು. ನಮ್ಮ ಊರುಗಳಲ್ಲಿ ಏಪ್ರಿಲ್ ತಿಂಗಳ ನಲ್ಲಿ ನೀರು 20 ಡಿಗ್ರಿಗೆ ಇಳಿಯುವ ಮಾತೇ ಇಲ್ಲ. ಬಕೆಟ್ಟಿನ ನೀರಿಗೆ ಐಸ್ ಹಾಕಿ ಬಾಟಲಿಗಳನ್ನೂ ಫಿಲ್ಮ್ ತೊಳೆಯುವ ಟ್ಯಾಂಕನ್ನೂ ಅದರಲ್ಲಿ ನಿಲ್ಲಿಸಿ, ಥರ್ಮಾಮೀಟರ್ ನೋಡಿಯೇ ಕೆಲಸಕ್ಕೆ ಇಳಿಯಿರಿ. ಫಿಕ್ಸರ್‌ನಲ್ಲಿ (ಚಿತ್ರವನ್ನು ಕಾಯಂ ಮಾಡುವ ದ್ರಾವಣದಲ್ಲಿ) ಎಷ್ಟು ಹೊತ್ತು ಇಡಬೇಕೆಂಬುದಕ್ಕೆ ಸುಲಭದ ಪರೀಕ್ಷೆಯೊಂದಿದೆ: ಫಿಲ್ಮಿನ ತುದಿಯಿಂದ ಕತ್ತರಿಸಿದ ತುಂಡನ್ನು ಅದರಲ್ಲಿ ಹಾಕಿ, ಅದು ತಿಳಿಯಾಗಲು ತೆಗೆದುಕೊಂಡ ಸಮಯದ ಎರಡರಷ್ಟು ಹೊತ್ತು ಇಡೀ ರೋಲನ್ನು ಇಡಿ. ಕತ್ತಲಲ್ಲಿ ಫಿಲ್ಮನ್ನು ಟ್ಯಾಂಕಿನ ಸುರುಳಿಗೆ ಏರಿಸುವುದೊಂದು ಕಿರಿಕಿರಿಯ ಕೆಲಸ. ಹಾಳಾದ ರೋಲೊಂದನ್ನು ಹಿಡಿದು ಮೊದಲು ಬೆಳಕಿನಲ್ಲಿ, ಬಳಿಕ ಕಣ್ಣು ಮುಚ್ಚಿ ರೂಢಿ ಮಾಡಿಕೊಳ್ಳಿ.

ಕೆ-1000ರ ಬಗ್ಗೆ ಎರಡು ಮಾತು. ಅದರ ಮೀಟರಿಗೆ ಸ್ವಿಚ್ ಇಲ್ಲ, ಆದ್ದರಿಂದ ಲೆನ್ಸಿನ ಮುಚ್ಚಳ ತೆಗೆದಿಟ್ಟರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ. ಬ್ಯಾಟರಿ ತೀರಿಹೋದರೂ ಶಟರ್ ಪೂರ್ತಿ ಯಾಂತ್ರಿಕವಾಗಿರುವುದರಿಂದ ಕ್ಯಾಮೆರಾ ಕೆಲಸ ಮಾಡುತ್ತಲೇ ಇರುತ್ತದೆ. ಆಗ ಬೆಳಕನ್ನು ಕಣ್ಣಳತೆಯಲ್ಲೇ ತೂಗಬೇಕು. ಸುಡುಬಿಸಿಲಿನಲ್ಲಿ 400ರ ಫಿಲ್ಮಿಗೆ ಅಪರ್ಚರ್ ಎಫ್16, ಶಟರ್ 1/500. ಜುಲೈ ತಿಂಗಳ ಧಾರವಾಡದ ಮೋಡಕ್ಕೆ ಎಫ್8 ಅಥವಾ ಎಫ್5.6, ಮರದ ದಟ್ಟ ನೆರಳಿಗೆ ಎಫ್4. ಫಿಲ್ಮ್ ಈ ಅಂಕಿಗಳನ್ನು ನೆನಪಿಟ್ಟುಕೊಳ್ಳುವುದಿಲ್ಲ, ಹಾಗಾಗಿ ಪ್ರತಿ ಚಿತ್ರದ್ದನ್ನೂ ಬರೆದಿಡಿ. ನೆಗೆಟಿವ್ ನೋಡುವಾಗ ಆ ಟಿಪ್ಪಣಿ ಪಕ್ಕದಲ್ಲಿರಲಿ.

ಇನ್ನು ಶೈಲಿ. ಫಿಲ್ಮಿನ ವೇಗವನ್ನು 1,600ಕ್ಕೆ ಏರಿಸಿ ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡಿ, ಕಾಳು ಕಾಳಾಗಿ ಕಾಣುವ ಚಿತ್ರಗಳನ್ನೇ ಶೈಲಿಯೆಂದು ಭಾವಿಸುವವರು ಹಲವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೆಳಕು ಕಡಿಮೆಯಿದ್ದಾಗ ಅದೊಂದು ಉಪಾಯ, ಅಷ್ಟೇ. ನಿಮ್ಮ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಇದ್ದರೆ ವರ್ಷವಿಡೀ ಅದೊಂದೇ ಸಾಕು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಕಾರ್ಟಿಯೇ-ಬ್ರೆಸೋನ್ ತಮ್ಮ ಹೆಚ್ಚಿನ ಕೆಲಸವನ್ನು ಮಾಡಿದ್ದು 50 ಎಂಎಂನಲ್ಲೇ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪಿನ ಚಿತ್ರಗಳನ್ನು ಹುಡುಕಿ ನೋಡಿ. ಅಲ್ಲಿರುವವರು ಮಕ್ಕಳು, ಶ್ರಮಜೀವಿಗಳು, ದಿನನಿತ್ಯ ಕಾಣುವ ಜನ. ಅವನ್ನು ಭಾವಚಿತ್ರವೆನ್ನಬೇಕೋ ಬೀದಿಯ ಚಿತ್ರವೆನ್ನಬೇಕೋ ಎಂದು ಹೇಳುವುದು ಕಷ್ಟ, ಹೇಳಬೇಕಾದ ಅಗತ್ಯವೂ ಇಲ್ಲ. ನೀವು ದಿನವೂ ಓಡಾಡುವ ಜಾಗವೊಂದನ್ನು, ಉದಾಹರಣೆಗೆ ಸುಭಾಷ್ ರಸ್ತೆಯ ಪೇಟೆಯನ್ನು, ಆರಿಸಿಕೊಂಡು ಬೆಳಿಗ್ಗೆ, ಮಧ್ಯಾಹ್ನ, ಮಳೆಯಲ್ಲಿ ಅಲ್ಲಿಯೇ ತೆಗೆಯಿರಿ.

ಖರ್ಚಿನ ಚಿಂತೆ ನಿಜವಾದದ್ದೇ. ನಿಮ್ಮ ಕಾಕಾ ಅವರ ಕಾಲದಲ್ಲಿ ಊಟಿಯ ಕಾರ್ಖಾನೆಯ ‘ಇಂದು’ ಫಿಲ್ಮ್ ಸಿಗುತ್ತಿತ್ತು. ಆ ಕಾರ್ಖಾನೆ ಮುಚ್ಚಿದೆ, ಈಗಿನ ರೋಲುಗಳು ಹೊರದೇಶದಿಂದ ಬರಬೇಕು. ಆದ್ದರಿಂದ ಫಿಲ್ಮನ್ನು ಆಗಾಗ ಬದಲಿಸುವ ಚಪಲ ಬೇಡ, ಒಂದೇ ಬಗೆಯದನ್ನು ಬಳಸಿ.

ತರಗತಿಯ ಬಗ್ಗೆ ಹೇಳುವುದಾದರೆ, ಸೇರುವ ಮುನ್ನ ಅಲ್ಲಿ ಡಾರ್ಕ್‌ರೂಮ್ ಇದೆಯೇ, ಡೆವಲಪಿಂಗನ್ನು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸುತ್ತಾರೆಯೇ ಎಂದು ವಿಚಾರಿಸಿ. ಇಲ್ಲವೆಂದಾದರೆ ಆ ಶುಲ್ಕದಲ್ಲಿ ಟ್ಯಾಂಕು, ಥರ್ಮಾಮೀಟರ್ ಮತ್ತು ರಾಸಾಯನಿಕಗಳನ್ನು ಕೊಳ್ಳುವುದು ಮೇಲು.