ಹೌದು ಅನ್ನುವವರು ಹೌದು ಅನ್ನಿ

ಪ್ರಶ್ನೆ: ಸಂಸತ್ತಿನಲ್ಲಿ ಹತ್ತೇ ನಿಮಿಷಕ್ಕೆ ಮಸೂದೆ ಪಾಸ್ ಮಾಡಿದರು, ಚರ್ಚೆಗೆ ಬಿಡಲಿಲ್ಲ ಅಂತ ವಿರೋಧ ಪಕ್ಷದವರು ದಿನಾ ಕೂಗುತ್ತಾರೆ. ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಇಳಿದು ಗಲಾಟೆ ಮಾಡುವವರೂ ಅವರೇ, ಚರ್ಚೆ ಆಗಲಿಲ್ಲ ಅಂತ ಅಳುವವರೂ ಅವರೇ. ಇದು ನಾಟಕ ಅಲ್ಲವಾ ಸಾರ್? ಟೊಮೆಟೊ ಬೆಳೆಯುವ ನನ್ನಂಥವನಿಗೆ ಇದರಿಂದ ಆಗಬೇಕಾದ್ದೇನು?
— ಒಬ್ಬ ರೈತ, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಅರ್ಧ ನಾಟಕ, ಒಪ್ಪಿದೆ. ಇಪ್ಪತ್ತು ವರ್ಷ ವಿಧಾನಸೌಧದ ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ಕುರ್ಚಿ ಸವೆಸಿದವನು ನಾನು. ಒಳಗೆ ತೋಳೇರಿಸಿದವರು ಹೊರಗೆ ಒಂದೇ ಕಾರಿನಲ್ಲಿ ಮದುವೆಗೆ ಹೊರಟಿದ್ದನ್ನೂ ಕಂಡಿದ್ದೇನೆ. ಉಳಿದರ್ಧ ಮಾತ್ರ ನಾಟಕವಲ್ಲ. ಅದು ನಿಮ್ಮ ಬಾಕ್ಸಿನ ವಿಚಾರ.

ಕೋಲಾರದ ಎಪಿಎಂಸಿಯಲ್ಲಿ ನೀವು 15 ಕೆ.ಜಿ. ಬಾಕ್ಸ್ ಇಳಿಸುತ್ತೀರಿ. ಹರಾಜು ಕೂಗುವ ಮುಂಚೆ ಕೊಳ್ಳುವವನು ಏನು ಮಾಡುತ್ತಾನೆ? ಮೇಲೆ ಜೋಡಿಸಿದ ಕೆಂಪು ಹಣ್ಣನ್ನು ನೋಡಿ ಬೆಲೆ ಕಟ್ಟುತ್ತಾನಾ? ತಳದವರೆಗೂ ಕೈ ಇಳಿಸಿ, ಒಂದು ಹಣ್ಣು ತೆಗೆದು, ಹೆಬ್ಬೆರಳಲ್ಲಿ ಅದುಮಿ ನೋಡಿದ ಮೇಲೇ ಬಾಯಿ ಬಿಡುತ್ತಾನೆ. ಸಂಸತ್ತಿನಲ್ಲಿ ಸ್ಥಾಯಿ ಸಮಿತಿ, ಜಂಟಿ ಸಮಿತಿ, ಸೆಲೆಕ್ಟ್ ಕಮಿಟಿ ಅಂತ ಕೆಲವೇ ಸಂಸದರು ಕೂತು ಮಸೂದೆ ಪರಿಶೀಲಿಸುವ ಗುಂಪುಗಳಿವೆಯಲ್ಲ, ಅವೇ ಆ ಕೈ. ಸದನದಲ್ಲಿ ಎಲ್ಲರೂ ಟಿವಿಗೆ ಮಾತಾಡುತ್ತಾರೆ. ಸಮಿತಿಯ ಕೋಣೆಯಲ್ಲಿ ಕ್ಯಾಮೆರಾ ಇಲ್ಲ. ಅಲ್ಲಿ ಅಧಿಕಾರಿಯನ್ನು ಎದುರಿಗೆ ಕೂರಿಸಿಕೊಂಡು ಕಲಂ ಕಲಂ ಹಿಡಿದು ಕೇಳಬಹುದು, ಆಳುವ ಪಕ್ಷದ ಸದಸ್ಯನೂ ಮುಜುಗರವಿಲ್ಲದೆ ಕೇಳಬಹುದು. 15ನೇ ಲೋಕಸಭೆಯ (2009-14) ಕಾಲದಲ್ಲಿ ನೂರು ಮಸೂದೆ ಬಂದರೆ ಸುಮಾರು 71 ಸಮಿತಿಗೆ ಹೋಗುತ್ತಿದ್ದವು. 17ನೇ ಲೋಕಸಭೆಯ (2019-24) ಹೊತ್ತಿಗೆ ಅದು ಸುಮಾರು 16ಕ್ಕೆ ಬಂದು ನಿಂತಿತು. ಮಿಕ್ಕ ಬಾಕ್ಸುಗಳನ್ನೆಲ್ಲ ಮೇಲಿನ ಹಣ್ಣು ನೋಡಿಯೇ ಕೊಂಡರು ಅಂತ ಇಟ್ಟುಕೊಳ್ಳಿ.

ನಿಮಗೆ ಆಗಬೇಕಾದ್ದೇನು ಅಂತ ಕೇಳಿದಿರಲ್ಲ, ನಿಮ್ಮದೇ ವಿಷಯ ಹೇಳುತ್ತೇನೆ. 2020ರಲ್ಲಿ ಕೃಷಿ ಮಸೂದೆಗಳು ಬಂದವು. ಮಂಡಿಯ ಹೊರಗೆ ಮಾರುವುದು, ಕಂಪನಿಯ ಜೊತೆ ಕರಾರು ಮಾಡಿಕೊಳ್ಳುವುದು ಎಲ್ಲ ಅದರಲ್ಲಿತ್ತು. ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್ 20ರ ಭಾನುವಾರ ರಾಜ್ಯಸಭೆ. ವಿರೋಧ ಪಕ್ಷದವರು ಕೇಳಿದ್ದು ಎರಡು: ಸೆಲೆಕ್ಟ್ ಕಮಿಟಿಗೆ ಕಳಿಸಿ, ಇಲ್ಲವೇ ತಲೆ ಎಣಿಸಿ. ಎರಡೂ ಆಗಲಿಲ್ಲ. ಹೌದು, ಇಲ್ಲ ಅಂತ ಬಾಯಲ್ಲಿ ಕೂಗಿಸುವ ಧ್ವನಿಮತದಲ್ಲಿ ಮುಗಿಸಿದರು. ಮತ ಕೇಳಿದವರು ತಮ್ಮ ಜಾಗದಲ್ಲಿ ಇರಲಿಲ್ಲ ಅಂತ ಸದನ ನಡೆಸುತ್ತಿದ್ದ ಪೀಠ ಹೇಳಿತು, ಇದ್ದೆವು ಅಂತ ಅವರು ಹೇಳಿದರು. ನಿಯಮ ಪುಸ್ತಕ ಹರಿಯಲು ಹೋದದ್ದು, ಮೈಕಿಗೆ ಕೈ ಹಾಕಿದ್ದು ತಪ್ಪೇ; ಮಾರನೇ ದಿನ ಎಂಟು ಜನ ಅಮಾನತಾದರು. ಆಮೇಲೆ ದಿಲ್ಲಿ ಗಡಿಯಲ್ಲಿ ಒಂದು ವರ್ಷ ರೈತರು ಕೂತರು. 2021ರ ನವೆಂಬರ್ 29ಕ್ಕೆ ಅದೇ ಕಾಯ್ದೆಗಳನ್ನು ವಾಪಸ್ ಪಡೆದರು. ನಮ್ಮವರೇ ಆದ ಮಲ್ಲಿಕಾರ್ಜುನ ಖರ್ಗೆಯವರು ಆಗ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರು. ವಾಪಸಾತಿಯ ಮೇಲಾದರೂ ಚರ್ಚೆ ಬೇಕು ಅಂತ ವಿರೋಧ ಪಕ್ಷಗಳು ಕೇಳಿದವು. ಲೋಕಸಭೆಯಲ್ಲಿ ಕೆಲವೇ ನಿಮಿಷ, ಚರ್ಚೆಯೇ ಇಲ್ಲ. ತಂದದ್ದೂ ಓಡೋಡಿ, ತೆಗೆದದ್ದೂ ಓಡೋಡಿ. ತರುವಾಗ ಯಾಕೆ ಬೇಕಿತ್ತು, ತೆಗೆಯುವಾಗ ಯಾಕೆ ಬೇಡವಾಯಿತು ಅಂತ ಸದನದ ದಾಖಲೆ ತೆಗೆದು ಓದಿದರೆ ನಿಮಗೆ ಉತ್ತರ ಸಿಗುವುದಿಲ್ಲ. ನನಗೆ ಬೇಜಾರು ಅದು.

ಅದೇ 2021ರ ಮಳೆಗಾಲದ ಅಧಿವೇಶನದಲ್ಲಿ ತೃಣಮೂಲ ಕಾಂಗ್ರೆಸ್ಸಿನ ಸಂಸದ ಡೆರೆಕ್ ಓಬ್ರಿಯಾನ್ ಒಂದು ಲೆಕ್ಕ ಹಾಕಿ ತೋರಿಸಿದರು: ಮೊದಲ ಹತ್ತು ದಿನದಲ್ಲಿ 12 ಮಸೂದೆ, ಒಂದೊಂದಕ್ಕೆ ಸರಾಸರಿ ಏಳು ನಿಮಿಷವೂ ಇಲ್ಲ. ಇದೇನು ಕಾನೂನು ಮಾಡುವುದೋ, ಪಾಪ್ಡಿ ಚಾಟ್ ಮಾಡುವುದೋ ಅಂತ ಕೇಳಿದರು. ಆಳುವವರಿಗೆ ಕೋಪ ಬಂತು. ಅವಮಾನ ಅಂದರು. ನಮ್ಮ ಬಸ್‌ಸ್ಟ್ಯಾಂಡಿನ ಚಾಟ್ ಗಾಡಿಯವನನ್ನು ಕೇಳಿದರೆ ಅವನೂ ಅವಮಾನ ಅಂದಾನು. ಹುಳಿ, ಖಾರ ಎಷ್ಟು ಅಂತ ಗಿರಾಕಿಯನ್ನು ಕೇಳದೆ ಅವನು ತಟ್ಟೆ ಕೊಡುವುದಿಲ್ಲ.

ಈಗ ನೀವು ಕಾಂಗ್ರೆಸ್ ಪರ ಬರೆದೆ ಅಂತ ಪೆನ್ನು ಹಿಡಿಯುವ ಮೊದಲು ಇನ್ನೊಂದು ಕೇಳಿ. 2008ರ ಡಿಸೆಂಬರ್, ಕಾಂಗ್ರೆಸ್ ಮುಂದಾಳತ್ವದ ಯುಪಿಎ ಸರ್ಕಾರ. ಗದ್ದಲದ ನಡುವೆಯೇ ಮಸೂದೆಗಳನ್ನು ಸಾಲಾಗಿ ಪಾಸ್ ಮಾಡಿಕೊಂಡರು. ಅದರಲ್ಲಿ ಒಂದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ತಿದ್ದುಪಡಿ. ಇಂಟರ್‌ನೆಟ್‌ನಲ್ಲಿ ತೊಂದರೆ ಕೊಡುವ ಮಾತು ಬರೆದರೆ ಅಪರಾಧ ಅನ್ನುವ, ಚರ್ಚೆ ಇಲ್ಲದೆ ಒಳಗೆ ಬಂದ 66ಎ ಕಲಂ ಅದರದ್ದೇ. ಫೇಸ್‌ಬುಕ್‌ನಲ್ಲಿ ಏನೋ ಬರೆದರು, ಲೈಕ್ ಒತ್ತಿದರು ಅಂತ ಹುಡುಗಿಯರನ್ನು ಪೊಲೀಸರು ಹಿಡಿದದ್ದು ಆ ಕಲಮಿನಲ್ಲೇ. 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತು ಹಾಕಿತು. ಅರ್ಧ ಗಂಟೆ ಯಾರಾದರೂ ಕೂತು 'ತೊಂದರೆ ಕೊಡುವ ಮಾತು ಅಂದರೆ ಯಾವುದು?' ಅಂತ ಕೇಳಿದ್ದರೆ ಆರು ವರ್ಷದ ಪಾಡು ತಪ್ಪುತ್ತಿತ್ತು.

ಇನ್ನು 2014ರ ಫೆಬ್ರವರಿ. ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ನೆನಪಿರಬೇಕು, ಅಲ್ಲೆಲ್ಲ ತೆಲುಗು ಚಾನೆಲ್‌ಗಳೇ ಅಲ್ಲವೇ. ಆಂಧ್ರ ವಿಭಜನೆಯ ಮಸೂದೆ. 13ರಂದು ಲೋಕಸಭೆಯೊಳಗೆ ಖಾರದ ಸ್ಪ್ರೇ ಹೊಡೆದರು. 18ರಂದು ಪಾಸಾಗುವ ಹೊತ್ತಿಗೆ ನೇರ ಪ್ರಸಾರವೇ ನಿಂತುಹೋಯಿತು. ಆವತ್ತು ನಾನು ಬಾಗೇಪಲ್ಲಿಯಲ್ಲಿ ನೆಂಟರ ಮನೆಯಲ್ಲಿದ್ದೆ. ಟಿವಿ ಕೆಟ್ಟಿತು ಅಂತ ಅಜ್ಜ ಎದ್ದು ಅದರ ತಲೆಗೆ ಎರಡು ಸಲ ಹೊಡೆದರು.

ನಮ್ಮ ವಿಧಾನಸಭೆ ಇದಕ್ಕೆ ಹೊರತಲ್ಲ. 2020ರ ಡಿಸೆಂಬರ್‌ನಲ್ಲಿ ಗೋಹತ್ಯೆ ತಡೆ ಮಸೂದೆ ಬಂದಾಗ ಸಿದ್ದರಾಮಯ್ಯನವರು ವಿರೋಧ ಪಕ್ಷದ ನಾಯಕರು. ಸದನದಲ್ಲಿ ಯಾವತ್ತು ಏನು ಅಂತ ಗೊತ್ತುಮಾಡುವ ಕಾರ್ಯಕಲಾಪ ಸಲಹಾ ಸಮಿತಿಯಲ್ಲಿ ಇದನ್ನು ತರುತ್ತೇವೆ ಅಂತ ನೀವು ಹೇಳಲೇ ಇಲ್ಲವಲ್ಲ ಅನ್ನುವುದು ಅವರ ತಕರಾರು. ನ್ಯಾಯವಾದ ತಕರಾರೇ. 2025ರ ಮಾರ್ಚ್‌ನಲ್ಲಿ ಅವರೇ ಮುಖ್ಯಮಂತ್ರಿ. ಸರ್ಕಾರಿ ಗುತ್ತಿಗೆ ಕೆಲಸಗಳಲ್ಲಿ ಮೀಸಲಾತಿ ಕೊಡುವ ಮಸೂದೆ ಗದ್ದಲದಲ್ಲೇ ಪಾಸಾಯಿತು, ಬಿಜೆಪಿಯವರು ಕಾಗದ ಹರಿದು ಪೀಠದತ್ತ ಎಸೆದರು, 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಪಾತ್ರ ಬದಲಾಯಿತು, ಸಂಭಾಷಣೆ ಹಾಗೇ. ಇಷ್ಟಕ್ಕೇ ಎಲ್ಲರೂ ಒಂದೇ ಅಂತ ಕೈ ತೊಳೆದುಕೊಳ್ಳಬೇಡಿ. ಹೇಳುವವನು ಯಾರೇ ಇರಲಿ, ಹೇಳಿದ ಹೊತ್ತಿಗೆ ಮಾತು ನಿಜವೇ ಇರಬಹುದು. ನೋಡಬೇಕಾದ್ದು ಅವನು ಕೇಳಿದ್ದೇನು ಅಂತ. ಪ್ರತಿಯನ್ನು ಮೊದಲೇ ಕೊಡಿ, ಸಮಿತಿಗೆ ಕಳಿಸಿ, ತಲೆ ಎಣಿಸಿ — ಈ ಮೂರರಲ್ಲಿ ಒಂದನ್ನಾದರೂ ಕೇಳಿದ್ದರೆ ಅದು ಕೆಲಸದ ಮಾತು. ಬರೀ ಘೋಷಣೆಯಾದರೆ ನೀವಂದಂತೆ ನಾಟಕ.

ಒಂದು ದೃಶ್ಯ ಹೇಳಿ ಮುಗಿಸುತ್ತೇನೆ. ಅಧಿವೇಶನದ ಕೊನೇ ದಿನ, ಊಟದ ಹೊತ್ತು ಮೀರಿತ್ತು. ಯಾವ ಸರ್ಕಾರ ಅಂತ ಬೇಡ. ಮೊದಲ ಸಲ ಗೆದ್ದು ಬಂದಿದ್ದ ಶಾಸಕರೊಬ್ಬರ ಕೈಗೆ ಮಸೂದೆಯ ಪ್ರತಿ ಬಂತು. ಅವರು ಕನ್ನಡಕ ಹುಡುಕಿ, ಹಾಕಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಮೊದಲ ಪುಟ ತಿರುವಿದರು. ಅಷ್ಟರಲ್ಲಿ ಪೀಠ 'ಖಂಡ 2ರಿಂದ 9' ಅನ್ನುತ್ತಿತ್ತು. ಅವರು ತಲೆ ಎತ್ತಿ, ಪಕ್ಕದವರನ್ನು ನೋಡಿ, ಪಕ್ಕದವರು 'ಇಲ್ಲ' ಅಂದರು ಅಂತ ತಾವೂ 'ಇಲ್ಲ' ಅಂದರು. ಆಮೇಲೆ ಮತ್ತೆ ಎರಡನೇ ಪುಟ ಓದತೊಡಗಿದರು. ಮಸೂದೆ ಆಗಲೇ ಪಾಸಾಗಿತ್ತು.

ಪ್ರಶ್ನೆ: ಧ್ವನಿಮತ ಅಂದರೆ ಜೋರಾಗಿ ಕೂಗಿದವರು ಗೆಲ್ಲುವುದಾ?
— ಪಿಯುಸಿ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಹಾಗೆಯೇ ಅನ್ನಿಸುತ್ತದೆ, ಅಲ್ಲವಾ ತಾಯಿ? 'ಪರವಾಗಿರುವವರು ಹೌದು ಅನ್ನಿ, ವಿರುದ್ಧ ಇರುವವರು ಇಲ್ಲ ಅನ್ನಿ' ಅಂತ ಪೀಠ ಕೇಳುತ್ತದೆ. ಯಾವ ಕಡೆ ಹೆಚ್ಚು ಅಂತ ಪೀಠದ ಕಿವಿಗೆ ಅನ್ನಿಸಿದ್ದೇ ತೀರ್ಪು. ಎಲ್ಲರೂ ಒಪ್ಪಿದ ಸಣ್ಣಪುಟ್ಟ ವಿಷಯಕ್ಕೆ ಇದು ಒಳ್ಳೆಯ ಕ್ರಮ, ಹೊತ್ತು ಉಳಿಯುತ್ತದೆ. ಒಪ್ಪದ ಸದಸ್ಯ ಮತ ವಿಭಜನೆ ಕೇಳಬಹುದು. ಆಗ ಲೋಕಸಭೆಯಲ್ಲಿ ಲಾಬಿ (ಸದನದ ಸುತ್ತಲಿನ ಮೊಗಸಾಲೆ) ತೆರವು ಮಾಡಿಸಿ ಮೂರೂವರೆ ನಿಮಿಷ ಗಂಟೆ ಬಾರಿಸುತ್ತಾರೆ, ಹೊರಗಿದ್ದವರು ಓಡಿ ಬಂದು ಗುಂಡಿ ಒತ್ತುತ್ತಾರೆ. ಯಾರು ಹೌದು, ಯಾರು ಇಲ್ಲ ಅನ್ನುವುದು ಹೆಸರು ಸಮೇತ ದಾಖಲಾಗುತ್ತದೆ. ಧ್ವನಿಗೆ ಹೆಸರಿಲ್ಲ. ನಮ್ಮ ಎಂ.ಪಿ. ಯಾವ ಕಡೆ ಇದ್ದರು ಅಂತ ಐದು ವರ್ಷ ಆದಮೇಲೆ ನೀನು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಮುಂದಿನ ಸಲ ನೀನೂ ಓಟು ಹಾಕುವವಳು.

ಪ್ರಶ್ನೆ: ಮಸೂದೆಯ ಪ್ರತಿ ಹರಿದು ಬಿಸಾಕಿದರೆ ಕಾಗದದ ದುಡ್ಡು ಯಾರ ಲೆಕ್ಕಕ್ಕೆ?
— ಒಬ್ಬ ಓದುಗ, ಮಾಲೂರು

ಉತ್ತರ: ನಿಮ್ಮ ಲೆಕ್ಕಕ್ಕೆ. ಓದದೆ ಹರಿದರೂ, ಓದದೆ ಪಾಸ್ ಮಾಡಿದರೂ.

ಪ್ರಶ್ನೆ: ನಮ್ಮ ಕಡೆಯವರು ಯಾರಾದರೂ ಲೋಕಸಭೆಯ ಆ ದೊಡ್ಡ ಕುರ್ಚಿಯಲ್ಲಿ ಕೂತಿದ್ದಾರಾ?
— ನಿವೃತ್ತ ಶಿಕ್ಷಕಿ, ಸಿರಾ

ಉತ್ತರ: ನಿಮ್ಮ ಜಿಲ್ಲೆಯವರೇ ಕೂತಿದ್ದಾರೆ ಮೇಡಂ. ತುಮಕೂರಿನ ಎಸ್. ಮಲ್ಲಿಕಾರ್ಜುನಯ್ಯನವರು 1991ರಿಂದ 1996ರವರೆಗೆ ಲೋಕಸಭೆಯ ಉಪ ಸ್ಪೀಕರ್. ಅವರು ಬಿಜೆಪಿ, ಸರ್ಕಾರ ನರಸಿಂಹರಾಯರ ಕಾಂಗ್ರೆಸ್ಸಿನದು. ಉಪ ಸ್ಪೀಕರ್ ಸ್ಥಾನ ವಿರೋಧ ಪಕ್ಷಕ್ಕೆ ಅನ್ನುವ ರೂಢಿ ಆಗ ಇತ್ತು. ಅವಸರ ಮಾಡುವ ಮಂತ್ರಿಗೆ 'ಸ್ವಲ್ಪ ತಡೆಯಿರಿ' ಅನ್ನಬಲ್ಲ ಒಬ್ಬರು ಎದುರು ಪಕ್ಷದಿಂದಲೇ ಪೀಠದಲ್ಲಿದ್ದರು. 2019ರಲ್ಲಿ ಕೂಡಿದ 17ನೇ ಲೋಕಸಭೆ ಅವಧಿ ಮುಗಿಸಿ ಎದ್ದುಹೋಗುವವರೆಗೂ ಉಪ ಸ್ಪೀಕರ್‌ರನ್ನು ಆರಿಸಲೇ ಇಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಯಾರಿಗೂ ಅವಸರ ಇರಲಿಲ್ಲ.