ಸಕ್ಕರೆ ಏರಿದ ಮೇಲೂ ಯಾಕೆ ಮನೆಗೆ ಬಿಡಲಿಲ್ಲ?

ತಿಪಟೂರಿನ ಓದುಗರೊಬ್ಬರ ಪತ್ರ: "ನಮ್ಮ ತಂದೆಗೆ 78 ವರ್ಷ. ಏಕಾದಶಿ ಉಪವಾಸ ಮಾಡಿದ್ದರು. ದ್ವಾದಶಿ ಬೆಳಗಿನ ಜಾವ ಮೈಯೆಲ್ಲ ಬೆವೆತು ಮಾತು ತೊದಲಿತು. ಲಕ್ವ ಹೊಡೆಯಿತೇನೋ ಅಂತ ಆಸ್ಪತ್ರೆಗೆ ಓಡಿದೆವು. ಶುಗರ್ 38 ಇತ್ತು. ಗ್ಲೂಕೋಸ್ ಕೊಟ್ಟ ಹತ್ತೇ ನಿಮಿಷಕ್ಕೆ ಎದ್ದು ಕೂತು ಕಾಫಿ ಕೇಳಿದರು. ಆದರೂ ಮಾತ್ರೆ ಡಬ್ಬಿ ತರಲೇಬೇಕು ಅಂತ ನನ್ನನ್ನು ಮನೆಗೆ ಓಡಿಸಿದರು. ಡಬ್ಬಿ ನೋಡಿ, ಒಂದಿಡೀ ದಿನ ಇಟ್ಟುಕೊಂಡರು. ಕಿಡ್ನಿಯೂ ನಾರ್ಮಲ್, ಕ್ರಿಯಾಟಿನಿನ್ 1.2. ಇದು ಬಿಲ್ ಏರಿಸೋ ಉಪಾಯ ಅಲ್ವಾ?"

ಅಲ್ಲ ಸ್ವಾಮಿ. ಬಿಲ್ಲಿನ ಮೇಲೆ ನನಗೂ ಸಿಟ್ಟಿದೆ, ಆದರೆ ಈ ಸಲ ಆ ಡ್ಯೂಟಿ ಡಾಕ್ಟರ್ ಮಾಡಿದ್ದು ಸರಿ.

"ಏನು ಮಾತ್ರೆ ತಗೋತಾರೆ?" ಅಂದಾಗ ನೀವು "ಶುಗರ್‌ದು ಒಂದು, ಬಿಪಿದು ಒಂದು, ಇನ್ನೊಂದು ಬಿಳಿದು" ಅಂದಿರಂತೆ. ನಾವೆಲ್ಲ ಹೇಳೋದೂ ಹೀಗೇ. ಆದರೆ ಶುಗರ್ ಮಾತ್ರೆ ಅಂದರೆ ಒಂದೇ ಜಾತಿಯಲ್ಲ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳುವವರಿಗೆ ಸಕ್ಕರೆ ಇಷ್ಟು ಕುಸಿಯೋದು ಅಪರೂಪ. ನಿಮ್ಮ ಡಬ್ಬಿಯಲ್ಲಿ ಇದ್ದದ್ದು ಗ್ಲಿಬೆನ್‌ಕ್ಲಮೈಡ್. ಅದು ಊಟ ಆಗಿದೆಯೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಸುಮಾರು 24 ಗಂಟೆ. ಅಪ್ಪ ಅವತ್ತು ಊಟ ಬಿಟ್ಟರು, ಮಾತ್ರೆ ಬಿಡಲಿಲ್ಲ. ಗ್ಲೂಕೋಸ್ ಏರಿಸಿದರೆ ಸಕ್ಕರೆ ಏರುತ್ತದೆ, ನಿಜ. ಆದರೆ ಮಾತ್ರೆಯ ಕೆಲಸ ಇನ್ನೂ ನಡೆದಿರುತ್ತದಲ್ಲ, ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು. ಕಾಫಿ ಕುಡಿದು ಮನೆಗೆ ಬಂದು ಮಲಗಿದ ಮೇಲೆ ಇಳಿದಿದ್ದರೆ? ನಿದ್ದೆ ಅಂದುಕೊಂಡು ನೀವೂ ಎಬ್ಬಿಸುತ್ತಿರಲಿಲ್ಲ. ಡಬ್ಬಿಗಾಗಿ ನೀವು ಸ್ಕೂಟರ್‌ನಲ್ಲಿ ಓಡಿದ್ದರಿಂದಲೇ ಅವರಿಗೆ ಇದು ಗೊತ್ತಾಗಿದ್ದು.

ಇನ್ನು ಆ 1.2. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕುವ ಕಸ, ಅದು ಹುಟ್ಟುವುದು ಮಾಂಸಖಂಡದಲ್ಲಿ. ವಯಸ್ಸಾದಂತೆ ಖಂಡ ಕರಗುತ್ತದೆ, ಕ್ರಿಯಾಟಿನಿನ್ ಕಡಿಮೆ ಹುಟ್ಟುತ್ತದೆ. ಹಾಗಾಗಿ ಕಿಡ್ನಿ ಸೋತಿದ್ದರೂ ಲ್ಯಾಬ್ ಚೀಟಿ ನಗುತ್ತಿರುತ್ತದೆ. ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಅಂದಾಜಿಸಲು ಡಾಕ್ಟರುಗಳು 1976ರಿಂದ ಬಳಸುವ ಒಂದು ಲೆಕ್ಕ ಇದೆ. ಗಂಡಸರಿಗಾದರೆ 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಅಪ್ಪನ ತೂಕ 48 ಕೆಜಿ ಅಂತ ಬರೆದಿದ್ದೀರಿ. ಹಾಕಿ ನೋಡಿದೆ, ಬಂದದ್ದು 34. ಆರೋಗ್ಯವಾಗಿರುವ ಯುವಕರಲ್ಲಿ ಇದು 100ರ ಆಸುಪಾಸು ಇರುತ್ತದೆ. ನಾರ್ಮಲ್ ಅಂದುಕೊಂಡ ಕಿಡ್ನಿ ಮೂರನೇ ಒಂದು ಪಾಲು ಕೆಲಸ ಮಾಡುತ್ತಿದೆ. ಹೊರಹೋಗಬೇಕಾದ ಔಷಧ ಒಳಗೇ ನಿಲ್ಲುತ್ತದೆ.

ಇದೇನೂ ಹೊಸ ವಿಷಯ ಅಲ್ಲ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲೇ ವಯಸ್ಸಾದವರಿಗೆ ಆಗಿಬರದ ಔಷಧಗಳ ಪಟ್ಟಿ ಮಾಡಿದರು. ಅದನ್ನು ತಜ್ಞರು ಈಗಲೂ ತಿದ್ದುತ್ತಿರುತ್ತಾರೆ. 2023ರ ಪಟ್ಟಿಯಲ್ಲಿ ಗ್ಲಿಬೆನ್‌ಕ್ಲಮೈಡ್ ಇದೆ. ಅಲರ್ಜಿ, ತುರಿಕೆಗೆ ಕೊಡುವ ಹಳೇ ಕಾಲದ ನಿದ್ದೆ ತರಿಸೋ ಔಷಧಗಳೂ ಇವೆ. ನಮ್ಮ ಸೋದರತ್ತೆಗೆ ಒಂದು ರಾತ್ರಿ ಎಮರ್ಜೆನ್ಸಿಯಲ್ಲಿ ಅಂಥದೇ ಒಂದು ಇಂಜೆಕ್ಷನ್ ಕೊಟ್ಟರು. ತುರಿಕೆ ನಿಂತಿತು. ಅತ್ತೆ ಬೆಳಗಿನ ತನಕ ಇಲ್ಲದ ಇರುವೆಗಳನ್ನು ಹೊದಿಕೆಯಿಂದ ಕೊಡವುತ್ತಾ ಕೂತಿದ್ದರು. ಅರಳುಮರುಳು ಅಂದುಕೊಂಡೆವು. ಮಾರನೇ ದಿನ ಮಧ್ಯಾಹ್ನ ಸರಿಹೋದರು.

ಶುಗರ್ ಮಾತ್ರೆಯ ಬಗ್ಗೆ ಇನ್ನೊಂದು ಮಾತು. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 65 ದಾಟಿದವರನ್ನು ನೋಡಿತು. ಔಷಧದಿಂದ ತೊಂದರೆಯಾಗಿ ತುರ್ತಾಗಿ ಆಸ್ಪತ್ರೆ ಸೇರಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ತೊಂದರೆಗೆ ಕಾರಣ ನಾಲ್ಕೇ ಬಗೆಯ ಔಷಧ: ರಕ್ತ ತೆಳುವಾಗಿಸುವ ವಾರ್ಫರಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಥರದ ಮಾತ್ರೆಗಳು, ಇನ್ಸುಲಿನ್, ಶುಗರ್ ಮಾತ್ರೆ. ಯಾವುದೋ ವಿಚಿತ್ರ ಔಷಧಗಳಲ್ಲ. ಎಲ್ಲ ನಮ್ಮ ಅಡುಗೆಮನೆ ಕಪಾಟಿನಲ್ಲಿ ಇರುವಂಥವೇ.

ನೀವು ಜಗಳ ಆಡಬೇಕಾಗಿದ್ದ ಜಾಗ ಬೇರೆ ಇತ್ತು. ನೀವು ಕಳಿಸಿದ ಡಿಸ್ಚಾರ್ಜ್ ಚೀಟಿಯ ಕೊನೇ ಸಾಲು ನೋಡಿ: "ಹಳೇ ಮಾತ್ರೆಗಳನ್ನೇ ಮುಂದುವರಿಸಿ." ಯಾವ ಮಾತ್ರೆಯಿಂದ ಬಿದ್ದರೋ ಅದನ್ನೇ ಕೊಟ್ಟು ಕಳಿಸಿದರು! ಒಂದಿಡೀ ದಿನ ಕಾದು ಕೂತವರು ಇಷ್ಟು ಬರೆಯುವ ಮೊದಲು ಒಂದು ನಿಮಿಷ ಯೋಚಿಸಬಾರದಿತ್ತಾ? ಸಂಚಿಕೆ ಕೈಸೇರುವ ತನಕ ಕಾಯಬೇಡಿ ಅಂತ ಫೋನಿನಲ್ಲೇ ಹೇಳಿದ್ದೇನೆ. ನಿಮ್ಮ ಶುಗರ್ ಡಾಕ್ಟರಿಗೆ ಆ ಚೀಟಿ, ಡಬ್ಬಿ, 34ರ ಲೆಕ್ಕ ಮೂರನ್ನೂ ತೋರಿಸಿ. ಸುಮ್ನೆ ನೀವೇ ಮಾತ್ರೆ ನಿಲ್ಲಿಸಬೇಡಿ, ಬದಲಿಸುವವರು ಅವರು. ಔಷಧದಿಂದ ಆದ ತೊಂದರೆಯನ್ನು ರೋಗಿಯ ಮನೆಯವರೂ ಸರ್ಕಾರಕ್ಕೆ ತಿಳಿಸಬಹುದು. ಅದರ ಉಚಿತ ಸಂಖ್ಯೆ 1800-180-3024.

ಡಬ್ಬಿಯ ವಿಷಯ. ಕತ್ತರಿಸಿದ ಸ್ಟ್ರಿಪ್‌ಗಳಲ್ಲಿ ಎಷ್ಟೋ ಸಲ ಹೆಸರೇ ಇರುವುದಿಲ್ಲ. ಆ ಡಾಕ್ಟರಿಗೆ ಹೆಸರು ಸಿಕ್ಕಿದ್ದು ನಿಮ್ಮ ಪುಣ್ಯ. ಇನ್ನು ಮೇಲೆ ಮೆಡಿಕಲ್ ಶಾಪಿನಲ್ಲಿ ಪೂರ್ತಿ ಸ್ಟ್ರಿಪ್ಪೇ ಕೇಳಿ.

ಅಪ್ಪ ಏಕಾದಶಿ ಬಿಡುವವರಲ್ಲ ಅಂತ ಬರೆದಿದ್ದೀರಿ. ಬಿಡಿಸಲು ಹೋಗಬೇಡಿ, ಕೇಳೋದೂ ಇಲ್ಲ. ಉಪವಾಸದ ದಿನ ಯಾವ ಮಾತ್ರೆ ತಗೋಬೇಕು, ಯಾವುದು ಬೇಡ ಅಂತ ಡಾಕ್ಟರ್ ಕೈಯಲ್ಲೇ ಬರೆಸಿಕೊಂಡು ಬನ್ನಿ. ಅದನ್ನು ಪಂಚಾಂಗದ ಪಕ್ಕ ಅಂಟಿಸಿ, ಅಪ್ಪ ದಿನಾ ನೋಡುವ ಜಾಗ ಅದೇ ತಾನೆ.

— ಸಂಪಾದಕ