‘ಸೂಪರ್ ಆಗಿದೆ ಅಕ್ಕ’ ಅಂತ ಹೇಳಿ ಬಂದ ಹುಡುಗಿ

ಹೇರ್ ಕಲರ್ ಕೆಟ್ಟೋಗಿ, ಅದನ್ನ ಸರಿ ಮಾಡ್ಸೋಕೆ ದುಡ್ಡಿಲ್ದೆ, ಕೆಲಸಕ್ಕೆ ರಜಾ ಹಾಕಿ ಪಿಜಿ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತ ಹುಡುಗೀರು ಆಪ್ತಸಲಹೆಗಾರ್ತಿ ಆಗಿರೋ ನನ್ನ ಹತ್ರ ಆಗಾಗ ಬರ್ತಾನೇ ಇರ್ತಾರೆ, ಮದುವೆ ಸೀಸನ್ನಲ್ಲಂತೂ ಜಾಸ್ತಿ. ಹುಡುಗರಿಗೂ ಹಿಂಗಾಗುತ್ತೆ, ಆದ್ರೆ ಅವರು ಮಿಷಿನ್ ಹೊಡೆಸ್ಕೊಂಡು ಮುಗಿಸಿಬಿಡ್ತಾರೆ, ಹುಡುಗೀರಿಗೆ ಆ ದಾರಿ ಇಲ್ಲ. ಅದಕ್ಕೇ ಇದನ್ನ ಬರೀತಾ ಇದೀನಿ. ಇವಳನ್ನ ಸುಮ ಅಂತ ಕರೀತೀನಿ, ಹೆಸರು, ಕೆಲಸ, ಊರು ಎಲ್ಲಾ ಬದಲಾಯಿಸಿದೀನಿ, ಬರೆಯೋಕೆ ಅವಳ ಒಪ್ಪಿಗೆ ತಗೊಂಡಿದೀನಿ.

ಸುಮಗೆ 23 ವರ್ಷ. ದಾವಣಗೆರೆ ಕಡೆಯವಳು, ಬೆಂಗಳೂರಲ್ಲಿ ಒಂದು ಡೆಂಟಲ್ ಕ್ಲಿನಿಕ್‌ನ ಫ್ರಂಟ್ ಡೆಸ್ಕಲ್ಲಿ ಕೆಲಸ. ಸಂಬಳ 16,000, ಪಿಜಿಗೆ 7,500, ಮನೆಗೆ 4,000, ಉಳಿದಿದ್ರಲ್ಲಿ ತಿಂಗಳು ತಳ್ಳಬೇಕು. ಚಿಕ್ಕಪ್ಪನ ಮಗಳ ಮದುವೆಗೆ ಮೂರು ವಾರ ಇದೆ ಅಂತ ಪಿಜಿ ಪಕ್ಕದ ಸಣ್ಣ ಪಾರ್ಲರ್‌ಗೆ ಹೋಗಿ, ಫೋನಲ್ಲಿ ಒಂದು ಫೋಟೋ ತೋರ್ಸಿ, ಆಶ್ ಬ್ರೌನ್ (ಬೂದಿ ಛಾಯೆಯ ಕಂದು) ಗ್ಲೋಬಲ್ ಕಲರ್, ಅಂದ್ರೆ ತಲೆ ಪೂರ್ತಿ ಒಂದೇ ಬಣ್ಣ, ಮಾಡಿಸ್ಕೊಂಡಳು, 2,200 ರೂಪಾಯಿ. ಬಂದಿದ್ದು ಏನಂದ್ರೆ ಬುಡದಲ್ಲಿ ಎರಡು ಇಂಚು ಕಿತ್ತಳೆ, ಮಧ್ಯೆ ಇಟ್ಟಿಗೆ ಬಣ್ಣ, ತುದಿ ಕಪ್ಪು. ಕ್ಲಿನಿಕ್ಕಿಗೆ ಹೊಟ್ಟೆನೋವು ಅಂತ ಹೇಳಿ ನಾಲ್ಕು ದಿನ ಹೋಗಿಲ್ಲ, ಸಂಬಳ ಕಟ್ಟು. ಅಮ್ಮ ವಿಡಿಯೋ ಕಾಲ್ ಮಾಡಿದ್ರೆ ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡೋದು. ರೂಮ್‌ಮೇಟ್ ಬಲವಂತ ಮಾಡಿ ನನ್ನ ಹತ್ರ ಕರ್ಕೊಂಡು ಬಂದಳು.

ಮೊದಲು ಊಟ ನಿದ್ದೆ ಬಗ್ಗೆ ಕೇಳಿದೆ, ಬದುಕೋದೇ ಬೇಡ ಅನ್ನೋ ಯೋಚನೆ ಬಂದಿದ್ಯಾ ಅಂತಾನೂ ನೇರವಾಗೇ ಕೇಳಿದೆ, ಕೂದಲಿನ ವಿಷಯ ತಾನೇ ಅಂತ ಅದನ್ನ ಬಿಡೋ ಹಾಗಿಲ್ಲ. ಅಂಥದ್ದೇನೂ ಇರ್ಲಿಲ್ಲ. ಇದ್ದಿದ್ರೆ ಬೇರೆ ದಾರಿ ಹಿಡೀತಿದ್ದೆ. ಓದ್ತಿರೋರಲ್ಲಿ ಯಾರಿಗಾದ್ರೂ ಹಾಗೆ ಅನ್ನಿಸ್ತಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇದ್ದಿದ್ದು ಇನ್ನೊಂದು. ಮೇನ್ ರೋಡಿನ ದೊಡ್ಡ ಸಲೂನ್‌ನವರು ಕಲರ್ ಕರೆಕ್ಷನ್‌ಗೆ 9,000 ಹೇಳಿದ್ರಂತೆ. ಸುಮ ಫೋನಲ್ಲಿ ಒಂದು ಸಾಲದ ಆ್ಯಪ್ ಹಾಕ್ಕೊಂಡು, ಆಧಾರ್ ಪ್ಯಾನ್ ಎಲ್ಲಾ ಅಪ್‌ಲೋಡ್ ಮಾಡಿ, ಕೊನೇ ಬಟನ್ ಒತ್ತೋದೊಂದು ಬಾಕಿ ಇಟ್ಕೊಂಡು ಕೂತಿದ್ಳು. ‘ಇವತ್ತು ಒತ್ತಿದ್ರೆ ನಾಳೆ ಎಲ್ಲಾ ಸರಿಹೋಗುತ್ತೆ ಮೇಡಂ’ ಅಂದ್ಳು.

ಎರಡನೇ ಸಲ ಬಂದಾಗ ನಾನು ಒಂದು ಸಾಮಾನ್ಯ ಪ್ರಶ್ನೆ ಕೇಳಿದೆ, ‘ಆ ಪಾರ್ಲರ್‌ಗೆ ವಾಪಸ್ ಹೋಗಿ ಹೇಳಿದ್ಯಾ?’ ಅಂತ. ಅವಳು ದುಪಟ್ಟಾ ತುದಿ ಬೆರಳಿಗೆ ಸುತ್ಕೊಳ್ತಾ ಸುಮಾರು ಹೊತ್ತು ಸುಮ್ನಿದ್ದು ಆಮೇಲೆ ಅಂದ್ಳು, ‘ಹೆಂಗೆ ಹೋಗ್ಲಿ ಮೇಡಂ, ನಾನು ಸೂಪರ್ ಆಗಿದೆ ಅಕ್ಕ ಅಂತ ಹೇಳಿ ಬಂದಿದೀನಲ್ಲ.’

ಕನ್ನಡಿ ತೋರಿಸಿದಾಗಲೇ ಅವಳಿಗೆ ಎದೆ ಧಸಕ್ ಅಂದಿತ್ತಂತೆ. ಆದ್ರೆ ಆ ಅಕ್ಕ ಮೂರೂವರೆ ಗಂಟೆ ನಿಂತ್ಕೊಂಡೇ ಮಾಡಿದ್ರು, ಮಧ್ಯಾಹ್ನದ ಊಟನೂ ಮಾಡಿರ್ಲಿಲ್ಲ, ಮುಖ ನೋಡಿ ಹೇಳೋಕೆ ಆಗ್ಲಿಲ್ಲ. ಸೂಪರ್ ಅಂದ್ಳು, ಪೂರ್ತಿ ದುಡ್ಡು ಕೊಟ್ಳು, ಮೇಲೆ 50 ರೂಪಾಯಿ ಸೇರಿಸಿ ಕೊಟ್ಳು, ಪಿಜಿ ಬಾತ್‌ರೂಮಿಗೆ ಬಂದು ಅತ್ಲು.

ನನಗೆ ಇಲ್ಲಿ ಇಡೀ ಕೇಸು ತಿರುಗ್ತು. ಅಲ್ಲಿವರೆಗೂ ಸಾಲ, ಮದುವೆ, ನೆಂಟರು ಏನಂತಾರೆ ಅನ್ನೋದರ ಸುತ್ತಾನೇ ಮಾತು ಓಡ್ತಿತ್ತು. ಈಗ ನೋಡಿದ್ರೆ 200 ಮೀಟರ್ ದೂರದಲ್ಲಿರೋ ಅಂಗಡಿಗೆ ಹೋಗಿ ಒಂದು ಮಾತು ಹೇಳೋ ಕಷ್ಟ ತಪ್ಪಿಸ್ಕೊಳ್ಳೋಕೆ ಈ ಹುಡುಗಿ ಬಡ್ಡಿ ಸಾಲಕ್ಕೆ ಕೈ ಹಾಕ್ತಾ ಇದಾಳೆ. ಇನ್ನೊಬ್ಬರಿಗೆ ಬೇಜಾರಾಗಬಾರದು ಅಂತ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಹೇಳ್ಕೊಟ್ಟಿರ್ತೀವಿ, ಉಪ್ಪಿಲ್ಲದ ಸಾರಿಗೂ ಚೆನ್ನಾಗಿದೆ ಅನ್ನಬೇಕು, ಬ್ಲೌಸ್ ಬಿಗಿಯಾದ್ರೂ ಟೈಲರ್ ಮುಂದೆ ಸರಿಯಾಗಿದೆ ಅನ್ನಬೇಕು, ಆಮೇಲೆ ಮನೆಗೆ ಬಂದು ಹೊಲಿಗೆ ಬಿಚ್ಚೋದು. ಆ ಅಭ್ಯಾಸದ ಬಿಲ್ಲು ಇದು, 9,000 ರೂಪಾಯಿ.

ಅವತ್ತು ನಾವು ಮಾಡಿದ್ದು ಇಷ್ಟೇ, ನಾನು ಪಾರ್ಲರ್ ಅಕ್ಕ ಆದೆ, ಅವಳು ಅವಳೇ. ಎದುರು ಕೂತು ಹೇಳು ಅಂದೆ. ಮೊದಲ ಸಲ ಬಂದಿದ್ದು, ‘ಅಕ್ಕ, ಸ್ವಲ್ಪ, ನಿಮಗೆ ತೊಂದ್ರೆ ಇಲ್ಲ ಅಂದ್ರೆ, ಏನಾದ್ರೂ, ಬೇಡ ಬಿಡಿ ಅಕ್ಕ.’ ಎರಡನೇ ಸಲ ಕ್ಷಮೆ ಕೇಳೋದ್ರಲ್ಲೇ ಮುಗೀತು. ಆಮೇಲೆ ಒಂದು ಹಾಳೇಲಿ ಮೂರು ಸಾಲು ಅವಳ ಕೈಲೇ ಬರೆಸಿದೆ: ಬುಡ ಒಂದು ಬಣ್ಣ, ತುದಿ ಒಂದು ಬಣ್ಣ ಆಗಿದೆ. ನನಗೆ ಇಷ್ಟ ಆಗಿಲ್ಲ. ಮದುವೆಗೆ ಮುಂಚೆ ಸರಿ ಮಾಡ್ಕೊಡಿ. ಇದರಲ್ಲಿ ಬೈಗುಳ ಇಲ್ಲ, ಸಾರಿ ಇಲ್ಲ, ಬಹುಶಃ ಗಿಹುಶಃ ಇಲ್ಲ. ಹೇಳಿದ್ಳು. ನಾನು ಬೇಕಂತಲೇ ಗಟ್ಟಿ ದನೀಲಿ ‘ಅಯ್ಯೋ, ಅವತ್ತು ನೀನೇ ಸೂಪರ್ ಅಂದ್ಯಲ್ಲಮ್ಮಾ!’ ಅಂದೆ. ಅವಳ ಮುಖ ಸಣ್ಣಗಾಯ್ತು, ಹಾಳೆ ನೋಡಿದ್ಳು, ಅದರಲ್ಲಿ ಇದಕ್ಕೆ ಉತ್ತರ ಇರ್ಲಿಲ್ಲ. ಆಮೇಲೆ ತಲೆ ಎತ್ತಿ ಅಂದ್ಳು, ‘ಹೂಂ ಅಕ್ಕ, ಅಂದಿದ್ದೆ. ಈಗ ಇಷ್ಟ ಆಗಿಲ್ಲ ಅಂತ ಹೇಳ್ತಿದೀನಿ.’ ಅದು ನಾನು ಹೇಳ್ಕೊಟ್ಟ ಮಾತಲ್ಲ, ಅವಳದ್ದೇ.

ಇನ್ನು ಕೂದಲಿನ ವಿಷಯ. ನಮ್ಮ ಸಂಸ್ಥೇಲಿ ಬ್ಯೂಟಿಷಿಯನ್ ಕೋರ್ಸ್ ಹೇಳ್ಕೊಡೋ ಟೀಚರ್ ಒಬ್ರಿದಾರೆ, ಸುಮಳನ್ನ ಕೇಳಿ, ಅವಳ ಮುಂದೆನೇ ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಮುಂಚೆ ಕಪ್ಪು ಮೆಹಂದಿ ಹಚ್ತಿದ್ದೇನಮ್ಮಾ?’ ಹಚ್ತಿದ್ಳು, ಪಿಯುಸಿಯಿಂದ, ಅಮ್ಮ ಕಲಸಿದ್ರಲ್ಲಿ ಉಳಿದಿದ್ದನ್ನ. ಕೊನೇ ಸಲ ದೀಪಾವಳಿಗೆ, ಈಗ ಏಪ್ರಿಲ್. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತೆ, ಹಾಗಾಗಿ ಬುಡದ ಎರಡು ಇಂಚು ಹೊಸ ಕೂದಲು, ಉಳಿದದ್ದೆಲ್ಲಾ ಡೈ ಕುಡಿದಿರೋ ಕೂದಲು. ಕಪ್ಪು ಮೆಹಂದಿ ಅಂತ ಮಾರೋ ಪ್ಯಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಪಿಪಿಡಿ ಅನ್ನೋ ಕೆಮಿಕಲ್ ಡೈ, ಬರೀ ಮೆಹಂದಿ ಸೊಪ್ಪಿಂದ ಕಪ್ಪು ಬರಲ್ಲ. ಬಣ್ಣ ಕೂರಿಸೋಕೆ ಮುಂಚೆ ಪಾರ್ಲರಲ್ಲಿ ಬ್ಲೀಚ್ ಹಾಕಿದಾಗ ಹೊಸ ಬುಡ ತಲೆಯ ಬಿಸಿಗೆ ಬೇಗ ಬಿಳುಚ್ಕೊಳ್ತು, ಡೈ ಕೂತಿದ್ದ ತುದಿ ಜಗ್ಗಲಿಲ್ಲ. ನಮ್ಮ ಕಪ್ಪು ಕೂದಲಲ್ಲಿ ಬ್ಲೀಚ್ ಮಾಡಿದ್ರೆ ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ ಅಂತ ಒಳಗಿನ ಬಣ್ಣ ಮೇಲೆ ಬರುತ್ತೆ, ಅದು ಎಲ್ಲರಿಗೂ ಆಗೋದೇ, ಅದರ ಮೇಲೆ ಸರಿಯಾದ ಟೋನ್, ಅಂದ್ರೆ ಬಣ್ಣದ ಛಾಯೆ, ಹಾಕಿ ಆ ಕಿತ್ತಳೆ ಹಳದಿ ಅಡಗಿಸಬೇಕು.

ಸುಮ ಎರಡು ಸಾಮಾನು ಆಗಲೇ ತಂದಿಟ್ಕೊಂಡಿದ್ಳು, ಒಂದು ಪರ್ಪಲ್ ಶಾಂಪೂ, ಇನ್ನೊಂದು ಕಪ್ಪು ಡೈ ಸ್ಯಾಶೆ. ಟೀಚರ್ ಎರಡೂ ಬೇಡ ಅಂದ್ರು. ಪರ್ಪಲ್ ಹೊಡೆಯೋದು ಹಳದೀನ, ಕಿತ್ತಳೆಗೆ ಬೇಕಾಗಿರೋದು ನೀಲಿ. ಕಪ್ಪು ಸ್ಯಾಶೆ ಅಗ್ಗ ನಿಜ, ಆದ್ರೆ ಬ್ಲೀಚ್ ಆದ ಜಾಗ ಸ್ಪಂಜಿನ ಹಾಗೆ ಎಳ್ಕೊಂಡು ಒಂದು ಕಡೆ ಮಸಿ, ಒಂದು ಕಡೆ ಮಂಕು ಆಗುತ್ತೆ, ಮುಂದೆ ತೆಗೀಬೇಕು ಅಂದ್ರೆ ಮತ್ತೆ ಬ್ಲೀಚೇ ಗತಿ, ಯಾಕಂದ್ರೆ ಬಣ್ಣದ ಮೇಲೆ ತಿಳಿ ಬಣ್ಣ ಹಾಕಿದ್ರೆ ತಿಳಿಯಾಗಲ್ಲ. ಎರಡನೇ ಬ್ಲೀಚ್ ಅಂತೂ ಮಾತೇ ಇಲ್ಲ. ಒಂದು ಎಳೆ ಒದ್ದೆ ಮಾಡಿ ಮೆತ್ತಗೆ ಎಳೆದು ನೋಡು ಅಂದ್ರು, ರಬ್ಬರಿನ ಥರ ಉದ್ದಕ್ಕೆ ಎಳೆದು ಪಟ್ ಅಂದ್ರೆ ಯಾವ ಕೆಮಿಕಲ್ಲೂ ಮುಟ್ಟಬೇಡ. ಅವಳದ್ದು ಪರವಾಗಿರ್ಲಿಲ್ಲ.

ಅವರು ಹೇಳಿದ ದಾರಿ ಕಮ್ಮಿ ಖರ್ಚಿಂದು: ತಿಳಿ ಬಣ್ಣದ ಆಸೆ ಈ ಸಲಕ್ಕೆ ಬಿಟ್ಟು, ಕಿತ್ತಳೆಗಿಂತ ಗಾಢವಾದ ಬ್ರೌನ್‌ಗೆ ಇಳಿಸೋದು. ಡಬ್ಬಿ ಮೇಲಿನ ನಂಬರ್ ನೋಡಿ, ಮೊದಲ ಅಂಕಿ ಗಾಢತೆ, 1 ಅಂದ್ರೆ ಕಪ್ಪು, 10 ಅಂದ್ರೆ ತೀರಾ ತಿಳಿ. ಚುಕ್ಕಿ ಆದ್ಮೇಲೆ ಇರೋದು ಟೋನ್, ತುಂಬಾ ಕಂಪನಿಗಳಲ್ಲಿ .1 ಅಂದ್ರೆ ಆಶ್. 4 ಮತ್ತೆ 4.1 ಸೇರಿಸಿ ಹಚ್ಚಬೇಕು, ಬರೀ ಆಶ್ ಹಾಕಿದ್ರೆ ಹಳದಿ ಇರೋ ಕಡೆ ಹಸಿರು ಹೊಡೆಯುತ್ತೆ. ಕೂದಲನ್ನ ಇನ್ನು ತಿಳಿ ಮಾಡೋದಿಲ್ಲವಲ್ಲ, ಹಾಗಾಗಿ ಬಣ್ಣದ ಕ್ರೀಮಿಗೆ ಬೆರೆಸೋ ಡೆವಲಪರ್ (ಹೈಡ್ರೋಜನ್ ಪೆರಾಕ್ಸೈಡ್) 10 ವಾಲ್ಯೂಮ್, ಅಂದ್ರೆ 3 ಪರ್ಸೆಂಟಿಂದು ಸಾಕು. ಕಪ್ಪು ತುದಿ ಮುಟ್ಟೋದು ಬೇಡ. 48 ಗಂಟೆ ಮುಂಚೆ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಅಲರ್ಜಿ ಆಗುತ್ತಾ ಅಂತ ನೋಡೋ ಪ್ಯಾಚ್ ಟೆಸ್ಟ್, ವರ್ಷಗಟ್ಟಲೆ ಡೈ ಹಚ್ಚಿ ಏನೂ ಆಗದೇ ಇದ್ದವರಿಗೂ ಪಿಪಿಡಿ ಅಲರ್ಜಿ ಒಂದಿನ ಶುರುವಾಗಬಹುದು. ಅಲ್ಲಿವರೆಗೂ ತಲೆಗೆ ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ, ಬಿಸಿ ಕಬ್ಬಿಣದ ಸ್ಟ್ರೈಟ್ನರ್ ಬಂದ್, ಕ್ಲಿನಿಕ್ಕಿಗೆ ತುರುಬು ಕಟ್ಕೊಂಡು ಹೋಗೋದು.

ನಾನು ಕೊಟ್ಟ ಸಲಹೆ ಮೂರೇ. ನಾಳೆಯಿಂದ ಕೆಲಸಕ್ಕೆ ಹೋಗು, ಯಾಕಂದ್ರೆ ಒಂದೊಂದು ರಜಾನೂ 500 ರೂಪಾಯಿಗಿಂತ ಜಾಸ್ತಿ. ಸಾಲ ಬೇಡ. ಪಾರ್ಲರ್ ಅಕ್ಕನ ಹತ್ರ ಮೊದಲು ಹೋಗು. ಆ್ಯಪ್‌ನ ಸೆಟ್ಟಿಂಗ್ಸ್ ತೆಗೆದು ನೋಡಿದ್ವಿ, ಅವಳ ಕಾಂಟ್ಯಾಕ್ಟ್ಸ್ ಎಲ್ಲಾ ಓದೋಕೆ ಅನುಮತಿ ತಗೊಂಡಿತ್ತು. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಲಿಸ್ಟಿಗೆ ಕೈ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ, ಆದ್ರೂ ಕೇಳೋ ಆ್ಯಪ್ ಅಂದ್ರೆ ಅಲ್ಲಿಂದ ಓಡಬೇಕು. ಅನುಮತಿ ತೆಗೆಸಿ ಅನ್‌ಇನ್‌ಸ್ಟಾಲ್ ಮಾಡಿಸಿದೆ.

ನಮ್ಮ ಫೀಲ್ಡಲ್ಲೇ ಕೆಲವರು ಇದಕ್ಕೆ ಬೈದ್ರು. ಆಪ್ತಸಲಹೆಗಾರ್ತಿ ಡೆವಲಪರ್ ಪರ್ಸೆಂಟೇಜ್ ಯಾಕೆ ಮಾತಾಡಬೇಕು, ಒಳಗಿನ ಕೀಳರಿಮೆ ಹುಡುಕಬೇಕಿತ್ತು ಅಂತ. ನಾನು ಒಪ್ಪಲ್ಲ. ಎದುರಿಗೆ ಕೂತವಳ ತಲೆ ಕಿತ್ತಳೆ ಆಗಿದೆ, ಕೈಲಿ ದುಡ್ಡಿಲ್ಲ, ಮೂರು ವಾರದಲ್ಲಿ ಮದುವೆ, ಅವಳ ಕಷ್ಟ ಕಣ್ಣಿಗೆ ಕಾಣೋ ಅಷ್ಟು ಹೊರಗೇ ಇದೆ. ಅದನ್ನ ಬಿಟ್ಟು ಬಾಲ್ಯದ ಬಗ್ಗೆ ಕೇಳಿದ್ರೆ ಅವಳು ಮೂರನೇ ಸಲ ಬರ್ತಾನೇ ಇರ್ಲಿಲ್ಲ, ಆ ಬಟನ್ ಒತ್ತಿರ್ತಿದ್ಳು. ‘ಕೂದಲು ತಾನೇ, ಬೆಳೆಯುತ್ತೆ ಬಿಡು’ ಅನ್ನೋರಿಗೂ ನನ್ನದು ಇದೇ ಉತ್ತರ, ಸೊಂಟದವರೆಗಿನ ಕೂದಲು ಪೂರ್ತಿ ಹೊಸದಾಗೋಕೆ ಐದಾರು ವರ್ಷ ಬೇಕು, ಅಲ್ಲಿವರೆಗೂ ಅವಳು ಏನು ಮಾಡಬೇಕು?

ಸುಮ ಒಂದು ಮಂಗಳವಾರ ಮಧ್ಯಾಹ್ನ, ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ ಹೋದಳು. ಅಕ್ಕ ಮೊದಲು ಅದೇ ಮಾತು ಅಂದ್ರಂತೆ, ‘ಅವತ್ತು ಚೆನ್ನಾಗಿದೆ ಅಂದ್ಯಲ್ಲ.’ ಇವಳು ತನ್ನ ಉತ್ತರ ಹೇಳಿದ್ಳು. ಆಮೇಲೆ ಅಕ್ಕ ಕೂದಲು ಬಿಚ್ಚಿ ನೋಡಿ, ಮೆಹಂದಿ ಬಗ್ಗೆ ಕೇಳಬೇಕಿತ್ತು ಅಂತ ಅವರೇ ಅಂದು, ಟ್ಯೂಬಿನ ಬೆಲೆ 380 ರೂಪಾಯಿ ಮಾತ್ರ ತಗೊಂಡು ಮಾಡಿಕೊಟ್ರು. ಫೋಟೋದಲ್ಲಿದ್ದ ಬಣ್ಣ ಬರ್ಲಿಲ್ಲ, ಒಂದೇ ಸಮ ಗಾಢ ಬ್ರೌನ್ ಬಂತು, ಬಿಸಿಲಲ್ಲಿ ಬುಡ ಸ್ವಲ್ಪ ಕೆಂಪಗೆ ಕಾಣುತ್ತೆ. ಮದುವೆಗೆ ಹೋದಳು, ಅಮ್ಮ ಚೆನ್ನಾಗಿ ಬೈದ್ರಂತೆ, ಬೈಸ್ಕೊಂಡು ಊಟಕ್ಕೆ ಕೂತಳಂತೆ.

ಎಲ್ಲಾ ಪಾರ್ಲರ್‌ನವರೂ ಆ ಅಕ್ಕನ ಹಾಗೆ ಇರಲ್ಲ. ಒಪ್ಪದೇ ಇದ್ರೆ ಬಿಲ್ಲು ಅಥವಾ ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ಹಗಲು ಬೆಳಕಲ್ಲಿ ತೆಗೆದ ಫೋಟೋ ಇಟ್ಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ದುಡ್ಡು ತಗೊಂಡು ಮಾಡಿದ ಸೇವೆ ಕೆಟ್ಟಿದ್ರೆ ದೂರು ಕೊಡೋ ಹಕ್ಕು 2019ರ ಗ್ರಾಹಕ ಕಾಯ್ದೆಯಲ್ಲೇ ಇದೆ. ಆದ್ರೆ ಅದಕ್ಕಿಂತ ಮುಂಚೆ, ಕುರ್ಚೀಲಿ ಕೂತಿರುವಾಗಲೇ, ಕಳೆದ ಎರಡು ಮೂರು ವರ್ಷದಲ್ಲಿ ಕೂದಲಿಗೆ ಏನೇನು ಹಚ್ಚಿದೀರಿ ಅಂತ ಅವರು ಕೇಳದೇ ಇದ್ರೂ ಹೇಳಿ, ಒಂದು ಎಳೆ ಮೇಲೆ ಮೊದಲು ಹಾಕಿ ತೋರ್ಸಿ ಅನ್ನಿ. ಕೊನೆಗೆ ಹೇಗಿದೆ ಅಂತ ಕೇಳಿದಾಗ ಟ್ಯೂಬ್‌ಲೈಟ್ ಕೆಳಗೆ ಕೂತು ಉತ್ತರ ಕೊಡಬೇಡಿ, ‘ಒಂದು ನಿಮಿಷ ಅಕ್ಕ, ಹೊರಗೆ ಬೆಳಕಲ್ಲಿ ನೋಡಿ ಹೇಳ್ತೀನಿ’ ಅಂತ ಎದ್ದು ಬಾಗಿಲ ಹತ್ರ ಹೋಗಿ, ದುಡ್ಡು ಆಮೇಲೆ ಕೊಡಿ.